ಇವತ್ತ ನಾ ಅರ್ಧ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಮೊದಲು ನೌಕರಿ ಹೋದೀತೆಂದು ಹೇಳಲಿಲ್ಲ. ನೌಕರಿ ಬಿಟ್ಟ ಮೇಲೆ ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಮದುವೆ ಮುಗಿದ ಮೇಲೆ ಬೀಗರ ಕಿವಿಗೆ ಬಿದ್ದರೆ ಹೇಗೆಂದು ಸುಮ್ಮನಾದೆ. ಇವೆಲ್ಲ ನೆಪ. ನಿಜವಾದ ಕಾರಣ ಅಂಜಿಕೆ. ಈಗಲೂ ಅಂಜಿಕೆಯಿಂದಲೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಕಮಲಾಪುರದಿಂದ ಒಬ್ಬರು ಫೋನ್ ಮಾಡಿ, ನಮ್ಮ ಮಿಲ್ಲಿನ ಹಳೇ ಮಿಸ್ತ್ರಿ ತೀರಿಕೊಂಡರು, ನಾಳೆ ಮಧ್ಯಾಹ್ನ ಮಣ್ಣು ಎಂದರು. ನಾನು ಹೋಗಲಿಲ್ಲ. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು, ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ಕೂತೆ. ಹೊತ್ತು ಏರಿತು. ಹೆಂಡತಿ ಹೊರಗೆ ಬಂದು, "ಹೋಗೋರಿದ್ರ ಹೋಗ್ರಿ, ಇಲ್ಲಾಂದ್ರ ಚಪ್ಪಲಿ ಬಿಟ್ಟು ಒಳಗ ಬರ್ರಿ. ಬಿಸಿಲಾಗ ಯಾಕ ಕುಂತೀರಿ?" ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅವರ ಹೆಸರನ್ನು ಈಗಲೇ ಬರೆಯುವುದಿಲ್ಲ. ಬರೆದರೆ ಅವರು ಎದುರಿಗೆ ಬಂದು ನಿಂತು ಎಂದಿನ ಪ್ರಶ್ನೆ ಕೇಳುತ್ತಾರೆ ಅನ್ನಿಸುತ್ತದೆ. ಆ ಪ್ರಶ್ನೆಗೆ ನಾನು ಒಮ್ಮೆಯೂ ನಿಜವಾದ ಉತ್ತರ ಕೊಟ್ಟವನಲ್ಲ.

ನಮ್ಮೂರ ಅಂಚಿನಲ್ಲಿರುವ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ನಾನು ಸುಪರ್‌ವೈಜರ್, ಅವರು ಹೆಡ್ ಮಿಸ್ತ್ರಿ. ನನ್ನ ಓದು ಹತ್ತನೇ ತರಗತಿಗೆ ನಿಂತಿತ್ತು. ಗೇಟಿನಲ್ಲಿ ಲಾರಿಗಳ ತೂಕ ನೋಡುತ್ತಾ ಸೇರಿದವನು ಮಾಲೀಕರ ಮಾತು ಮೀರದೆ ಮೇಲೆ ಬಂದಿದ್ದೆ. ಅವರು ಮಶಿನ್‌ಗಳ ನಡುವೆಯೇ ಬೆಳೆದವರು. ತೊಗರಿ ಸೋಸುವ ಜಾಲರಿ, ಸಿಪ್ಪೆ ಬಿಡಿಸುವ ರೋಲರ್, ಕಾಳನ್ನು ನೆಲದ ತಗ್ಗಿನಿಂದ ಮೇಲಿನ ಅಟ್ಟಕ್ಕೆ ಎತ್ತುವ ಡಬ್ಬಿಗಳ ಎಲಿವೇಟರ್, ಎಲ್ಲವೂ ಅವರ ಸುಪರ್ದಿಯಲ್ಲಿದ್ದವು.

ಎತ್ತರದ ಆಳು, ತೆಳ್ಳಗೆ. ಹೊಟ್ಟಿನ ಧೂಳು ಹುಬ್ಬಿನ ಮೇಲೆ ಕೂತು ಮಧ್ಯಾಹ್ನದ ಹೊತ್ತಿಗೆ ಮುದುಕರಾಗಿಬಿಡುತ್ತಿದ್ದರು. ಸಂಜೆ ನಲ್ಲಿಯ ಕೆಳಗೆ ಮುಖ ತೊಳೆದ ಮೇಲೆ ಮತ್ತೆ ತಮ್ಮ ವಯಸ್ಸಿಗೆ ಬರುತ್ತಿದ್ದರು. ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು, ಊರೊಳಗೆ ಹೋಗದೆ ಕಪನೂರಿನಲ್ಲೇ ಇಳಿಯುತ್ತಿದ್ದರು. ಕೈಚೀಲದಲ್ಲಿ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಕಾಲವಿದ್ದರೆ ತಮ್ಮೂರಿನ ಕೆಂಪು ಬಾಳೆಹಣ್ಣು. ಹಣ್ಣನ್ನು ಯಾರಿಗಾದರೂ ಕೊಡುವಾಗ ಸಿಪ್ಪೆಯ ತುದಿ ಸ್ವಲ್ಪ ಬಿಡಿಸಿಯೇ ಕೊಡುವುದು ಅವರ ರೂಢಿ. ಯಾಕೆಂದು ಕೇಳಿದರೆ, "ಹಂಗೇ ಕೊಟ್ರ ಆಮ್ಯಾಲ ತಿಂತೀನಂತ ಕಿಸೆದಾಗ ಇಡ್ತೀರಿ. ತುದಿ ಬಿಡಿಸಿದ್ರ ಈಗೇ ತಿನ್ನಬೇಕಾಗ್ತದ," ಎನ್ನುತ್ತಿದ್ದರು. ಅದನ್ನು ತಿಂದು ಮುಗಿಸುವಷ್ಟು ಹೊತ್ತಾದರೂ ಎದುರಿಗಿನವನು ಸುಮ್ಮನೆ ನಿಲ್ಲಲಿ ಎಂಬುದು ಅವರ ಯುಕ್ತಿ. ಮೋಟಾರಿನ ಮೈ ಬಿಸಿಯಾಗಿದೆಯೇ ಎಂದು ನೋಡುವಾಗ ಅಂಗೈ ಇಡುತ್ತಿರಲಿಲ್ಲ, ಕೈಯ ಹಿಂಭಾಗ ಇಡುತ್ತಿದ್ದರು. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

ಅವರ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಈ ಬರಹ ಇರುವುದೇ ಅದಕ್ಕಾಗಿ.

ಬೆಳಿಗ್ಗೆ ಮಶಿನ್ ಚಾಲೂ ಮಾಡುವ ಮೊದಲು ಎಲ್ಲರೂ ಬೇಳೆ ಒಣಹಾಕುವ ಅಂಗಳದಲ್ಲಿ ನಿಲ್ಲಬೇಕು. ಮಿಸ್ತ್ರಿ ಒಬ್ಬೊಬ್ಬರ ಹೆಸರು ಹಿಡಿದು, "ಹೆಂಗದಿ?" ಎಂದು ಕೇಳುತ್ತಿದ್ದರು. ಹಿರಿಯರಾದರೆ "ಹೆಂಗದೀರಿ?" ಉತ್ತರ ಎರಡೇ, ಪೂರಾ ಅಥವಾ ಅರ್ಧ. ಚೀಲ ಎಷ್ಟು ತುಂಬಿದೆಯೆಂದು ಹಮಾಲರು ಕೈಸನ್ನೆಯಲ್ಲಿ ತೋರಿಸುತ್ತಾರಲ್ಲ, ಅಲ್ಲಿಂದ ತಂದದ್ದು ಅದು. ಅಂಗೈಯನ್ನು ಗದ್ದದವರೆಗೆ ಎತ್ತಿದರೆ ಪೂರಾ, ಎದೆಯ ಹತ್ತಿರ ಅಡ್ಡ ಹಿಡಿದರೆ ಅರ್ಧ. ಅರ್ಧ ಎಂದವರನ್ನು ಅವರು ಆ ದಿನ ಬೆಲ್ಟು, ರೋಲರ್, ತಗ್ಗುಗಳ ಹತ್ತಿರ ಬಿಡುತ್ತಿರಲಿಲ್ಲ. ಅಂಗಳದಲ್ಲಿ ಬೇಳೆ ಹರವು, ಚೀಲದ ಬಾಯಿ ಹೊಲಿ ಎಂದು ಕಳಿಸುತ್ತಿದ್ದರು. ಅಲ್ಲಿದ್ದವರು ಒಳಗೆ ಬರುತ್ತಿದ್ದರು. ಕೂಲಿಯಲ್ಲಿ ವ್ಯತ್ಯಾಸವಿಲ್ಲ. ಯಾಕೆ ಅರ್ಧ ಎಂದು ಕೇಳುವಂತಿರಲಿಲ್ಲ. ಕೇಳಿದವರನ್ನು ಅವರೇ ಗದರಿಸುತ್ತಿದ್ದರು.

ಒಮ್ಮೆ ಬೇಳೆ ಆರಿಸುವ ಹೆಂಗಸೊಬ್ಬಳು ಒಂದೇ ಸಮ ಹಲವು ದಿನ ಅರ್ಧ ಎಂದಳು. ನನಗೆ ತಡೆಯಲಿಲ್ಲ.

"ಆಕಿ ನಾಟಕ ಮಾಡ್ಲಕತ್ಯಾಳ, ಮಿಸ್ತ್ರಿ. ದಿನಾ ಹೆಂಗ ಅರ್ಧ ಇರ್ತಾರ?"

"ಇರ್ಲಿ ಬಿಡ್ರಿ ಸಾಹೇಬ್ರ. ನಾಟಕ ಮಾಡೋಕೂ ಏನರ ಕಾರಣ ಇರ್ತದ."

"ಹಿಂಗ ಬಿಟ್ರ ನಾಳಿ ಎಲ್ಲಾರೂ ಅರ್ಧ ಅಂತಾರ."

"ಅನ್ನಂಗಿಲ್ರೀ. ಮಂದಿಗಿ ಪೂರಾ ಅನ್ನೋದೇ ಛಲೋ ಅನಸ್ತದ. ಅರ್ಧ ಅನ್ನಾಕ ಭಾಳ ಧೈರ್ಯ ಬೇಕು."

ಸ್ವಲ್ಪ ದಿನಕ್ಕೆ ಅವಳು ಬೆಳಿಗ್ಗೆ ತಾನಾಗಿ ಕೈಯನ್ನು ಗದ್ದದವರೆಗೆ ಎತ್ತಿ ತೋರಿಸಿದಳು. ಮಿಸ್ತ್ರಿ ತಲೆಯಾಡಿಸಿ ಮುಂದಿನ ಹೆಸರು ಕರೆದರು. ಮನೆಯಲ್ಲಿ ಏನು ನಡೆದಿತ್ತೆಂದು ಯಾರಿಗೂ ತಿಳಿಯಲಿಲ್ಲ.

ಸಾಲಿನ ಕೊನೆಯಲ್ಲಿ ನಾನು ನಿಂತಿರುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. "ನೀವು ಹೆಂಗದೀರಿ ಸಾಹೇಬ್ರ?"

"ಪೂರಾ."

"ನಿಮ್ಮ ಪೂರಾ ಚೀಲಕ್ಕ ಎಲ್ಲೋ ತೂತು ಬಿದ್ದದ ನೋಡ್ರಿ. ಬೆಳಿಗ್ಗಿ ತುಂಬಿರ್ತೀರಿ, ಮಧ್ಯಾನಕ್ಕ ಎಲ್ಲಾ ಸೋರಿರ್ತದ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರು ಹೇಳಿದ್ದು ನಿಜವಾಗಿತ್ತು.

ಮಾಲೀಕರಾದ ಹಿರಿಯ ಸಾವ್ಕಾರರು ಹಾಸಿಗೆ ಹಿಡಿದ ಮೇಲೆ ಮಿಲ್ಲನ್ನು ಅವರ ಮಗ ನೋಡಿಕೊಳ್ಳತೊಡಗಿದ್ದ. ಕೆಟ್ಟವನೆಂದು ಹೇಳಲಾರೆ. ಬೇಳೆಯ ದರ ಏರಿಳಿಯುವುದು, ಬ್ಯಾಂಕಿನವರು, ಲಾರಿಯವರು, ಅವನಿಗೂ ಅವನದೇ ಅಂಜಿಕೆಗಳಿದ್ದವು. ಅವನು ಅವನ್ನೆಲ್ಲ ನನ್ನ ಫೋನಿಗೆ ಕಳಿಸುತ್ತಿದ್ದ. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದ. ತುಂಬಿದ ಚೀಲಗಳ ಫೋಟೋ ತಾಸಿಗೊಮ್ಮೆ ಹಾಕಬೇಕು. ತಡವಾದರೆ ಒಂದು ಪ್ರಶ್ನೆ ಚಿಹ್ನೆ ಬರುತ್ತಿತ್ತು, ಅಷ್ಟೇ, ಬೇರೆ ಮಾತಿಲ್ಲ. ಅಂಗಿಯ ಕಿಸೆಯಲ್ಲಿ ಫೋನ್ ಗುರ್ ಎಂದರೆ ನನ್ನ ಎದೆಯೇ ನಡುಗಿದಂತಾಗುತ್ತಿತ್ತು. ರಾತ್ರಿ ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು, ಅದನ್ನೇ ನೋಡುತ್ತಾ ರೊಟ್ಟಿ ಮುರಿಯುತ್ತಿದ್ದೆ. ಬಾಯಿಗಿಟ್ಟದ್ದು ಏನೆಂದು ತಿಳಿಯುತ್ತಿರಲಿಲ್ಲ. ಇಂದಿಗೂ ಬಸ್ಸಿನಲ್ಲಿ ಪಕ್ಕದವರ ಫೋನ್ ಗುರ್ ಎಂದರೆ ನನ್ನ ಕೈ ಕಿಸೆಗೆ ಹೋಗುತ್ತದೆ.

ನನ್ನ ಈ ಅಂಜಿಕೆ ಮಿಸ್ತ್ರಿಗೆ ಗೊತ್ತಿತ್ತು. ಒಂದು ದಿನ ಚಹಾದಂಗಡಿಯ ಬೆಂಚಿನ ಮೇಲೆ, ನನ್ನ ಕಡೆ ನೋಡದೆ ಹೇಳಿದರು: "ಸಾಹೇಬ್ರ, ಒಂದಿನ ನೀವೂ ಅರ್ಧ ಅನ್ರಿ. ನಾ ನಿಮ್ಮನ್ನ ಅಂಗಳಕ್ಕ ಕಳಿಸ್ತೀನಿ. ಬ್ಯಾಳಿ ಹರವ್ರಿ. ಫೋನು ನನ್ನ ಕಡಿ ಕೊಡ್ರಿ. ಬಂದದ್ದು ನಾ ನೋಡ್ಕೋತೀನಿ."

"ಸಾವ್ಕಾರಗ ಏನು ಹೇಳ್ತೀರಿ?"

"ಸುಪರ್‌ವೈಜರ್ ಸಾಹೇಬ್ರು ಬಿಸಿಲಿಗಿ ಒಣಗ್ಲಕತ್ಯಾರ, ಹಸಿ ಅದಾರ, ಸಂಜಿಗಿ ತಯಾರ್ ಆಗ್ತಾರ ಅಂತೀನಿ."

ನಕ್ಕು ಬಿಟ್ಟೆ. ಅರ್ಧ ಎನ್ನಲಿಲ್ಲ. ಅಂದಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲವೇನೋ.

ಆ ವರ್ಷದ ಸುಗ್ಗಿಯಲ್ಲಿ ಸಾವ್ಕಾರರ ಮಗ ನನ್ನನ್ನು ಆಫೀಸಿಗೆ ಕರೆದ. ಕೂರಲು ಹೇಳಿ, ಚಹಾ ತರಿಸಿದ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಕಾಕಾ, ನಮ್ಮಲ್ಲಿ ಯಾರು ಭಾರ ಆಗ್ಯಾರ? ನಿಮಗ ಗೊತ್ತಿರ್ತದ."

"ಎಲ್ಲಾರೂ ದುಡಿತಾರ್ರಿ."

"ಎಲ್ಲಾರೂ ದುಡಿದ್ರ ಚೀಲ ಯಾಕ ಕಮ್ಮಿ ಬೀಳ್ಲಕತ್ಯಾವ? ಇಲ್ಲಾಂದ್ರ ಸುಪರ್‌ವೈಜರ್‌ನೇ ಭಾರ ಅಂತ ತಿಳಕೋಬೇಕಾಗ್ತದ ನಾ."

ಅವನು ನಗುತ್ತಲೇ ಹೇಳಿದ. ನನ್ನ ಮಗಳು ಆಗ ಕಾಲೇಜಿನಲ್ಲಿದ್ದಳು. ನನ್ನ ವಯಸ್ಸಿನವನಿಗೆ ಬೇರೆ ಕಡೆ ಯಾರು ಕೆಲಸ ಕೊಡುತ್ತಾರೆ? ನಾಲಿಗೆ ತಾನೇ ಹೊರಳಿತು. ಬೆಳಿಗ್ಗೆ ಅಂಗಳದಲ್ಲಿ ಹೀಗೆ ಕೇಳುತ್ತಾರೆ, ಇಂಥಿಂಥವರು ಮೇಲಿಂದ ಮೇಲೆ ಅರ್ಧ ಎನ್ನುತ್ತಾರೆ ಎಂದು ಇಬ್ಬರ ಹೆಸರು ಹೇಳಿದೆ. ಅವರು ನಂಬಿ ಎದೆಯ ಹತ್ತಿರ ಹಿಡಿದ ಕೈಯನ್ನು ನಾನು ಆ ಮೇಜಿನ ಮೇಲೆ ತಂದಿಟ್ಟೆ. ವಾರದೊಳಗೆ ಆ ಇಬ್ಬರನ್ನೂ ತೆಗೆದರು. ಬದಲಿಗೆ ಯಾರನ್ನೂ ತಗೊಳ್ಳಲಿಲ್ಲ. ಹೆಸರು ಹೇಳಿದವನು ನಾನೆಂದು ಹೇಗೋ ಎಲ್ಲರಿಗೂ ತಿಳಿಯಿತು.

ಅವರನ್ನು ತೆಗೆದ ಮರುದಿನ ಬೆಳಿಗ್ಗೆ ಮಿಸ್ತ್ರಿ ಎಂದಿನಂತೆ ಹೆಸರು ಕರೆದರು. "ಹೆಂಗದಿ?"

"ಪೂರಾ ಅದೀನ್ರೀ."

ಮುಂದಿನವನು, "ಪೂರಾ." ಅವನ ಮುಂದಿನವಳು, "ಪೂರಾ." ರಾತ್ರಿಯೆಲ್ಲ ಮಗುವಿಗೆ ಜ್ವರವೆಂದು ಗೇಟಿನಲ್ಲಿ ಅಳುತ್ತಿದ್ದವಳೂ ಪೂರಾ. ಒಬ್ಬೊಬ್ಬರೂ ಉತ್ತರ ಹೇಳುವಾಗ ಮಿಸ್ತ್ರಿಯ ಮುಖ ನೋಡುತ್ತಿರಲಿಲ್ಲ. ಕೊನೆಯಲ್ಲಿ ನಿಂತ ನನ್ನನ್ನು ನೋಡುತ್ತಿದ್ದರು. ಮಂದಿ ನನಗೆ ಹೆದರುವುದನ್ನು ನಾನು ಮೊದಲ ಸಲ ಅಷ್ಟು ಹತ್ತಿರದಿಂದ ಕಂಡೆ. ಅದು ಸುಖ ಕೊಡಲಿಲ್ಲ. ನನ್ನ ಅಂಜಿಕೆಯನ್ನೇ ಅಷ್ಟೂ ಮುಖಗಳಿಗೆ ಹಂಚಿ ಎದುರಿಗೆ ನಿಲ್ಲಿಸಿದ ಹಾಗಿತ್ತು.

ಮಿಸ್ತ್ರಿ ಆ ದಿನ ನನ್ನನ್ನು ಕೇಳಲಿಲ್ಲ. ಕಡೆಯ ಹೆಸರು ಮುಗಿದ ಮೇಲೆ ಸುಮ್ಮನೆ ಮಶಿನ್ ಕಡೆ ನಡೆದರು.

ಪದ್ಧತಿ ನಿಲ್ಲಲಿಲ್ಲ. ಅವರು ದಿನವೂ ಕೇಳುತ್ತಿದ್ದರು, ಎಲ್ಲರೂ ಪೂರಾ ಎನ್ನುತ್ತಿದ್ದರು. ಆದರೆ ಅವರಿಗೆ ಕಣ್ಣು ಓದಲು ಬರುತ್ತಿತ್ತು. ಯಾರ ಕಣ್ಣು ಸೋತಿದೆಯೆಂದು ಕಂಡಿತೋ ಅವನ ಜಾಗಕ್ಕೆ ಹೋಗಿ, "ನೀ ಒಂದೀಟು ಸರಿ, ಬೆಲ್ಟ್ ನೋಡಬೇಕು ನಾ," ಎಂದು ತಾವೇ ನಿಲ್ಲತೊಡಗಿದರು. ಹೀಗೆ ಎಲ್ಲರ ಅರ್ಧವೂ ಅವರ ಮೈಮೇಲೆ ಬಿತ್ತು. ಮೇಲಾಗಿ ಸುಗ್ಗಿ. ಎರಡು ಪಾಳಿ ಒಟ್ಟಿಗೆ ಮಾಡಿ, ಕಮಲಾಪುರಕ್ಕೆ ಹೋಗದೆ ಚೀಲಗಳ ಮೇಲೆಯೇ ಮಲಗುವ ದಿನಗಳು ಹೆಚ್ಚಾದವು. ಕೈಚೀಲದಲ್ಲಿ ಬಾಳೆಹಣ್ಣು ಕಾಣದಾಯಿತು. ಮಾತಿನ ನಡುವೆ ಮರೆತು ನಿಲ್ಲುತ್ತಿದ್ದರು. ಒಮ್ಮೆ ಮೋಟಾರಿನ ಮೇಲೆ ಕೈ ಇಟ್ಟವರು ತೆಗೆಯುವುದನ್ನೇ ಮರೆತರು. ನಾನು ನೋಡಿದೆ. ನೋಡಿಯೂ ಚೀಲಗಳ ಫೋಟೋ ತೆಗೆಯಲು ಹೋದೆ.

ಅನಾಹುತ ನಡೆದ ದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಪೂರಾ ಎಂದು ಮುಗಿಸಿದ್ದರು. ಮಿಸ್ತ್ರಿ ನನ್ನ ಹತ್ತಿರ ಬಂದರು. ಎಲ್ಲರ ಎದುರಿಗೇ ಅಂಗೈಯನ್ನು ಎದೆಯ ಹತ್ತಿರ ಅಡ್ಡ ಹಿಡಿದರು.

"ಸಾಹೇಬ್ರ, ಇವತ್ತ ನಾ ಅರ್ಧ ಅದೀನ್ರೀ."

ಅಷ್ಟು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು. ಅಂಗಳಕ್ಕೆ ಕಳಿಸಬೇಕಾಗಿತ್ತು. ಒಂದು ದಿನ ಮಶಿನ್ ನಿಂತರೂ ಚಿಂತೆಯಿಲ್ಲ ಎನ್ನಬೇಕಾಗಿತ್ತು. ಅಷ್ಟರಲ್ಲಿ ಕಿಸೆಯಲ್ಲಿ ಫೋನ್ ಗುರ್ ಎಂದಿತು. ನಾನು ಹೇಳಿದೆ:

"ಮಿಸ್ತ್ರೀನೇ ಅರ್ಧ ಆದ್ರ ಮಿಲ್ ಏನು ಪಾವು ಭಾಗ ನಡೀತದೇನು? ನಡೀರಿ, ನಡೀರಿ."

ಕೆಲವರು ನಕ್ಕರು. ನನಗೆ ಹೆದರಿ ನಕ್ಕರೆಂದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಮಿಸ್ತ್ರಿ ಕೈ ಇಳಿಸಿ, ಹೌದೆಂಬಂತೆ ತಲೆಯಾಡಿಸಿ ಒಳಗೆ ಹೋದರು.

ಮಧ್ಯಾಹ್ನ ಎಲಿವೇಟರ್ ಸಿಕ್ಕಿಕೊಂಡಿತು. ಅದನ್ನು ನೋಡಿಕೊಳ್ಳುತ್ತಿದ್ದ ಮಲ್ಲು ಎಂಬ ಯುವಕ ತಗ್ಗಿಗೆ ಇಳಿದು ಡಬ್ಬಿಗಳಲ್ಲಿ ಸಿಕ್ಕ ಕಾಳು ಕೆದರುತ್ತಿದ್ದ. ಇಂಥ ಹೊತ್ತಿನಲ್ಲಿ ಮಿಸ್ತ್ರಿಯದು ಒಂದೇ ನಿಯಮ. ಇಳಿದವನು ಹೊರಗೆ ಬಂದು ತಮ್ಮೆದುರಿಗೆ ನಿಂತು ಮುಖ ತೋರಿಸುವವರೆಗೆ ಮಶಿನ್ ಹಚ್ಚುವಂತಿಲ್ಲ. ಕೂಗಿ ಹೇಳಿದರೂ ಒಪ್ಪುತ್ತಿರಲಿಲ್ಲ. "ದನಿ ಯಾರದರ ಇರ್ತದ. ಮುಖ ತೋರಸು," ಎನ್ನುತ್ತಿದ್ದರು.

ಸ್ಟಾರ್ಟರ್ ಇರುವುದು ದೊಡ್ಡ ಕಂಬದ ಹಿಂದೆ. ಅಲ್ಲಿಂದ ತಗ್ಗು ಕಾಣುವುದಿಲ್ಲ. ನಾನು ಅಲ್ಲಿಗೆ ಹೋದಾಗ ಅವರು ಹಸಿರು ಬಟನ್ನಿನ ಮೇಲೆ ಬೆರಳಿಟ್ಟು ನಿಂತಿದ್ದರು. ಒತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು, ಆದರೆ ಎದುರಿಗಿದ್ದದ್ದೇನೂ ಕಾಣುತ್ತಿರಲಿಲ್ಲ.

"ಯಾಕ ನಿಂತೀರಿ ಮಿಸ್ತ್ರಿ? ಸಾವ್ಕಾರ ಫೋನ್ ಮ್ಯಾಲ ಫೋನ್ ಮಾಡ್ಲಕತ್ಯಾನ."

"ಮಲ್ಲು ಬಂದು ಮುಖ ತೋರಿಸಿದ್ನೋ ಇಲ್ಲೋ... ನೆನಪಾಗವಲ್ದು. ನೀವು ನೋಡಿದ್ರೇನ್ರೀ?"

ನಾನು ನೋಡಿರಲಿಲ್ಲ. ಕಿಸೆಯಲ್ಲಿ ಫೋನ್ ಮತ್ತೆ ಗುರ್ ಎನ್ನುತ್ತಿತ್ತು.

"ಬಂದಾನ," ಎಂದೆ. "ಹಚ್ರಿ."

ಅವರು ಹಚ್ಚಲಿಲ್ಲ. ಬೆರಳು ಅಲ್ಲೇ ಇತ್ತು. ಆಗ ನಾನು ಅವರ ಕೈಯ ಮೇಲೆ ನನ್ನ ಕೈ ಇಟ್ಟು, ಅವರ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.

ಮಲ್ಲುವಿನ ಕೂಗು ಮಶಿನ್ ಸದ್ದಿನ ಮೇಲೆಯೂ ಕೇಳಿಸಿತು. ನಾನು ಕಂಬಕ್ಕೆ ಆತು ನಿಂತುಬಿಟ್ಟೆ. ಕೆಂಪು ಬಟನ್ ಒತ್ತಿದವರು, ಓಡಿದವರು, ತಗ್ಗಿಗೆ ಇಳಿದು ಅವನನ್ನು ಹೊತ್ತು ತಂದವರು ಮಿಸ್ತ್ರಿ. ಜೀವ ಉಳಿಯಿತು. ಬಲಗೈ ಎರಡು ಕಡೆ ಮುರಿದಿತ್ತು. ಅದು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ತನ್ನೂರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ.

ದವಾಖಾನೆಯ ಪಡಸಾಲೆಯಲ್ಲಿ ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು. ಅವರ ಅಂಗಿಯ ಮೇಲೆ ಮಲ್ಲುವಿನ ರಕ್ತ ಒಣಗಿತ್ತು. ನನ್ನ ಕಡೆ ತಿರುಗಿದರು.

"ಸಾಹೇಬ್ರ, ಒಂದು ಮಾತು ಕೇಳ್ತೀನಿ. ಖರೇ ಹೇಳ್ರಿ. ನಾನೇ ಹಚ್ಚಿದ್ನೇನ್ರೀ?"

ನಾನು ಪಡಸಾಲೆಯ ಕೊನೆಯ ಬಾಗಿಲ ಕಡೆ ನೋಡಿದೆ.

"ಮುಖ ನೋಡದ ನಾ ಎಂದೂ ಹಚ್ಚಿಲ್ಲ. ಬಟನ್ ಮ್ಯಾಲ ಬೆರಳು ಇದ್ದದ್ದು ನೆನಪದ. ನೀವು ಬಂದದ್ದೂ ನೆನಪದ. ಒತ್ತಿದ್ದು ನೆನಪಿಲ್ಲ. ತಲಿ ಪೂರಾ ಖಾಲಿ ಆಗಿತ್ತು. ನಾನೇ ಹಚ್ಚಿದ್ನೇನು?"

ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಿದ್ದೆಯಿಲ್ಲದೆ ಸೋತ ತಲೆ ಆ ಒಂದು ಗಳಿಗೆಯನ್ನು ಹಿಡಿದಿಟ್ಟುಕೊಂಡಿರಲಿಲ್ಲ. ಅದು ಇದ್ದದ್ದು ನನ್ನೊಬ್ಬನ ಹತ್ತಿರ.

"ಹೌದು," ಎಂದೆ.

ಅವರು ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ಟವಲಿನಿಂದ ಅದನ್ನು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಸಾವ್ಕಾರರ ಮಗನಿಗೂ ನಾನು ಅದನ್ನೇ ಹೇಳಿದೆ. ಮಿಲ್ಲಿನಲ್ಲಿ ಕ್ಯಾಮೆರಾ ಇತ್ತು. ಅದರಲ್ಲಿ ಏನು ಬಂದಿದೆಯೋ ಎಂದು ಕೆಲವು ದಿನ ಮನೆಯ ಬುತ್ತಿಯನ್ನು ಬಿಚ್ಚದೆ ವಾಪಸ್ ಒಯ್ದೆ. ಕಂಬದ ಹಿಂದೆ ಅದಕ್ಕೆ ಕಾಣುವುದಿಲ್ಲವೆಂದು ತಿಳಿದ ದಿನ, ಹೇಳಲು ನಾಚಿಕೆಯಾಗುತ್ತದೆ, ಚಹಾದಂಗಡಿಗೆ ಹೋಗಿ ಒಂದು ತಟ್ಟೆ ಮಿರ್ಚಿ ಭಜಿ ತಿಂದೆ.

ಮಿಸ್ತ್ರಿಯನ್ನು ಯಾರೂ ತೆಗೆಯಬೇಕಾಗಲಿಲ್ಲ. ಅಪಘಾತದ ಮರುದಿನವೇ ಬಂದು ಬೀಗದ ಕೈಗಳನ್ನು ನನ್ನ ಮೇಜಿನ ಮೇಲಿಟ್ಟರು. "ಮುಖ ನೋಡದ ಹಚ್ಚಾವ ಮಿಸ್ತ್ರಿ ಅಲ್ರೀ," ಎಂದಷ್ಟೇ ಹೇಳಿ ಕಮಲಾಪುರದ ಬಸ್ಸು ಹಿಡಿದರು. ಅಂಗಳದಲ್ಲಿ ನಿಂತಿದ್ದವರು ಅವರು ಹೆಸರು ಕರೆಯಲೆಂದು ಕಾಯುತ್ತಿದ್ದರು.

ಕೆಲವು ತಿಂಗಳ ಮೇಲೆ ಸಾವ್ಕಾರರ ಮಗ ಕೆಲಸದ ಒತ್ತಡದ ಬಗ್ಗೆ ತಿಳಿಸಿಕೊಡಲು ಹೊರಗಿನಿಂದ ಒಬ್ಬ ತರುಣಿಯನ್ನು ಕರೆಸಿದ. ಅಪಘಾತ ಅವನನ್ನೂ ನಡುಗಿಸಿತ್ತು. ಗೋದಾಮಿನಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದರು. ಆಕೆ ಒಳ್ಳೆಯ ಮಾತುಗಳನ್ನೇ ಹೇಳಿದಳು. ಕೆಲಸ ಶುರುವಾಗುವ ಮೊದಲು ಒಬ್ಬರನ್ನೊಬ್ಬರು ಹೇಗಿದ್ದೀರೆಂದು ಕೇಳಬೇಕು, ಆಗುವುದಿಲ್ಲ ಎಂದು ಹೇಳಿದವರಿಗೆ ಶಿಕ್ಷೆಯಾಗಬಾರದು, ಸೋತವರಿಗೆ ಹಗುರ ಕೆಲಸ ಕೊಡಬೇಕು. ನಾನು ಗೋಡೆಗೆ ಒರಗಿ ಬೆವರುತ್ತಿದ್ದೆ.

"ಇಲ್ಲಿ ಹೀಗೇನಾದರೂ ಮಾಡಿ ನೋಡಿದ್ದೀರಾ?" ಎಂದು ಆಕೆ ಕೇಳಿದಳು.

ಬೇಳೆ ಆರಿಸುವ ಹೆಂಗಸರಲ್ಲಿ ಹಿರಿಯಳೊಬ್ಬಳು ಸೆರಗು ಸರಿಮಾಡಿಕೊಂಡು, "ಮಾಡ್ತಿದ್ದೆವ್ರೀ ಮೇಡಮ್. ಭಾಳ ವರ್ಷ ನಡೀತು. ಆಮ್ಯಾಲ ಬಂದ್ ಆತು," ಎಂದಳು.

"ಯಾಕೆ ಬಂದ್ ಆಯಿತು?"

ಅಲ್ಲಿ ಕೂತವರೆಲ್ಲ ಮೆಲ್ಲಗೆ ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಬೈಗುಳ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಿರಿಯಳು ತಾನೇ ಹೇಳಿದಳು: "ಕೇಳೋರು ಹೋಗಿಬಿಟ್ರು ರೀ." ನನ್ನನ್ನು ಅವಳು ಬಿಟ್ಟುಕೊಡಲಿಲ್ಲ. ಅದರ ಭಾರ ಬೈಸಿಕೊಂಡದ್ದಕ್ಕಿಂತ ಹೆಚ್ಚಾಯಿತು.

ನೌಕರಿ ಬಿಟ್ಟ ಮೇಲೆ ಒಮ್ಮೆ ಧೈರ್ಯ ಮಾಡಿ ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ: ನೀವಲ್ಲ, ನಾನು. ಮನೆ ಸಿಕ್ಕಿತು. ಅವರು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಬಹಳ ಸಂತೋಷಪಟ್ಟರು. ಅವರ ಹೆಂಡತಿ ಚಹಾ ತಂದಿಟ್ಟು ಮಾತಿಗೆ ನಿಂತರು.

"ನೀವರ ಹೇಳ್ರಿ ಅಣ್ಣಾವ್ರ. ಇವ್ರು ಮನ್ಯಾಗ ಮಿಕ್ಸರ್ ಸೈತ ಹಚ್ಚಂಗಿಲ್ಲ. ಹೊಲದಾಗ ಬಾಳಿಗಿ ನೀರು ಬಿಡಬೇಕಂದ್ರ ಪಂಪಿನ ಬಟನ್ ಒತ್ತಾಕ ದಾರ್ಯಾಗ ಹೋಗೋರ್ನ ಕರೀತಾರ. ಅಷ್ಟು ದೊಡ್ಡ ಮಿಸ್ತ್ರಿ ಆಗಿದ್ರಂತ, ಈಗ ದೀಪದ ಬಟನ್ ನಾನೇ ಒತ್ತಬೇಕು."

ನಗುತ್ತಲೇ ಹೇಳಿದರು. ಮಿಸ್ತ್ರಿಯೂ ನಕ್ಕರು. ನಗುವಾಗ ಬಲಗೈಯ ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಿದ್ದರು. ಅದು ಈಗ ಅವರ ಅಭ್ಯಾಸವಾಗಿತ್ತು ಅಂತ ಕಾಣುತ್ತದೆ. ಚಹಾದ ಬಟ್ಟಲನ್ನೂ ಉಳಿದ ಬೆರಳುಗಳಲ್ಲೇ ಹಿಡಿದರು.

ಹೆಂಡತಿ ಒಳಗೆ ಹೋದ ಮೇಲೆ ಅವರು ಒಂದು ಕೆಂಪು ಬಾಳೆಹಣ್ಣು ತಗೊಂಡು, ತುದಿ ಬಿಡಿಸಿ ನನ್ನ ಕೈಗಿಟ್ಟರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿ ಕೇಳಿದರು:

"ಹೆಂಗದೀರಿ ಸಾಹೇಬ್ರ?"

ಬಾಗಿಲು ತೆರೆದು ನಿಂತ ಹಾಗಿತ್ತು ಅದು. ಅರ್ಧ ಎಂದಿದ್ದರೆ ಸಾಕಾಗಿತ್ತು. ಯಾಕೆಂದು ಅವರು ಕೇಳುತ್ತಿರಲಿಲ್ಲ, ನಾನೇ ಹೇಳಿಬಿಡುತ್ತಿದ್ದೆ. ಆದರೆ ಹೇಳಿದ ಮೇಲೆ ಆ ಮುಖ ಹೇಗಾಗುತ್ತದೆ? ನನ್ನ ಕಡೆ ನೋಡುತ್ತಿರುವ ಆ ಕಣ್ಣು ಹೇಗಾಗುತ್ತವೆ? ಒಳಗಿಂದ ಅವರ ಹೆಂಡತಿ ಬಂದು ಏನೆನ್ನುತ್ತಾರೆ?

"ಪೂರಾ," ಎಂದೆ.

ಅವರು ತಲೆಯಾಡಿಸಿದರು. ನಂಬಲಿಲ್ಲ. "ಇರ್ಲಿ, ತಿನ್ರಿ," ಎಂದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ಬಸ್ಸು ಹೊರಡುವವರೆಗೆ ಕಿಟಕಿಯ ಹತ್ತಿರ ನಿಂತಿದ್ದರು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಈಗ ಅವರಿಲ್ಲ. ಕೇಳುವವರು ಹೋದರು ಎಂದು ಅಂದು ಗೋದಾಮಿನಲ್ಲಿ ಆ ಹಿರಿಯಳು ಹೇಳಿದ ಮಾತು ಈಗ ಪೂರ್ತಿ ನಿಜವಾಯಿತು. ಅವರು ತಮ್ಮ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೇ ಮಣ್ಣಿಗೆ ಹೋದರೋ ಏನೋ. ಅವರ ಹೆಂಡತಿ ಇದ್ದಾರೆ. ಮಲ್ಲು ಇದ್ದಾನೆ. ತನ್ನ ಕೈ ಮುರಿದದ್ದು ಮಿಸ್ತ್ರಿಯಿಂದ ಎಂದು ಅವನು ಇನ್ನೂ ತಿಳಿದಿದ್ದಾನೆ, ಮನಸ್ಸಿನಲ್ಲಿ ಕ್ಷಮಿಸಿಯೂ ಇದ್ದಾನಂತೆ. ತಪ್ಪು ಮಾಡದವರಿಗೆ ಸಿಕ್ಕ ಆ ಕ್ಷಮೆಯನ್ನು ನೆನೆದರೆ ಮೈ ತಣ್ಣಗಾಗುತ್ತದೆ.

ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ಅವರ ಹೆಂಡತಿಯ ಕೈಗೆ ಕೊಡಲು ತಗೊಂಡು ಕಮಲಾಪುರದ ಬಸ್ಸು ಹತ್ತುತ್ತೇನೆ. ನಾಲಿಗೆ ಮತ್ತೆ ಹೊರಳಿದರೂ ಕಾಗದ ಹೊರಳುವುದಿಲ್ಲವೆಂದು ಬರೆದಿದ್ದೇನೆ. ನನ್ನ ಹೆಂಡತಿಗೆ ಹೇಳಿದ್ದೇನೆ. ನಾನು ಕಟ್ಟೆಯ ಮೇಲೆ ಕೂತರೆ ಎಬ್ಬಿಸು ಎಂದಿದ್ದೇನೆ. ಅಷ್ಟು ವರ್ಷ ಮಿಸ್ತ್ರಿ ಎಲ್ಲರನ್ನೂ ಹೆಸರು ಹಿಡಿದು ಕರೆದರು. ನಾನು ಅವರನ್ನು ಮಿಸ್ತ್ರಿ ಎನ್ನುವುದನ್ನು ಬಿಟ್ಟು ಬೇರೆ ಕರೆದವನಲ್ಲ.

ಇವತ್ತ ನಾ ಅರ್ಧ ಅದೀನ್ರೀ. ಅವತ್ತೂ ಅರ್ಧ ಇದ್ದೆ. ಮುಖ ನೋಡದ ಹಚ್ಚಿದವ ನಾನು. ನೀವಲ್ರೀ, ಚಂದ್ರಶಾ.